ಮಳೆ ಹಿಡಿದ ಮೇಲೆ ಸಿಗಾರ್ ಪೆಟ್ಟಿಗೆಗೆ ನೀರು ಬೇಡ

ಪ್ರಶ್ನೆ: ನಮ್ಮದು ಬಾಳೆಹೊನ್ನೂರು ಹತ್ತಿರ ಕಾಫಿ ತೋಟ. ಹೊರದೇಶದಲ್ಲಿರುವ ಅಳಿಯ ಊರಿಗೆ ಬಂದಾಗಲೆಲ್ಲ ಸಿಗಾರ್ ತರುತ್ತಾರೆ. ಅವನ್ನಿಡಲು ಹ್ಯೂಮಿಡಾರ್ ಎನ್ನುವ ಮರದ ಪೆಟ್ಟಿಗೆಯನ್ನೂ ಕೊಟ್ಟಿದ್ದಾರೆ. ಚಳಿಗಾಲದಲ್ಲಿ ಅದರ ತೇವದ ಮೀಟರ್ ಶೇ 68 ತೋರಿಸುತ್ತಿತ್ತು. ಮೇ ತಿಂಗಳ ಸೆಕೆ, ಸಂಜೆ ಮಳೆ ಶುರುವಾದ ಮೇಲೆ 78ಕ್ಕೆ ಏರಿದೆ. ಸಿಗಾರ್‌ಗಳು ಮೆತ್ತಗಾಗಿವೆ, ಎರಡರ ಮೇಲೆ ಬಿಳಿ ಚುಕ್ಕೆ ಕಾಣಿಸಿದೆ. ಮುಚ್ಚಳ ತೆಗೆದು ಫ್ಯಾನ್ ಕೆಳಗೆ ಇಡಬಹುದೇ? ಮಳೆಗಾಲ ಕಳೆಯುವುದು ಹೇಗೆ?

ಉತ್ತರ: ಫ್ಯಾನ್ ಕೆಳಗೆ ಇಡಬೇಡಿ. ಮಳೆ ಬಂದ ಸಂಜೆ ನಿಮ್ಮ ಮನೆಯೊಳಗಿನ ಗಾಳಿಯೇ ಪೆಟ್ಟಿಗೆಗಿಂತ ಒದ್ದೆಯಾಗಿರುತ್ತದೆ. ಮುಚ್ಚಳ ತೆಗೆದಷ್ಟೂ ತೇವ ಒಳಗೇ ಹೋಗುತ್ತದೆ. ಮೊದಲು ಪೆಟ್ಟಿಗೆಯಲ್ಲಿರುವ ನೀರಿನ ಸ್ಪಾಂಜ್ ತೆಗೆದುಬಿಡಿ. ಆ ಪೆಟ್ಟಿಗೆ ಮಾಡಿರುವುದೇ ಒಣ ಹವೆಯಲ್ಲಿ ತೇವ ಉಳಿಸಲು. ಮಲೆನಾಡಿನ ಮಳೆಗಾಲದಲ್ಲಿ ನಮಗೆ ಬೇಕಾದ್ದು ಅದರ ಉಲ್ಟಾ.

ಹೊಗೆಸೊಪ್ಪು ತೇವವನ್ನು ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂಬುದು ಅರಕಲಗೂಡು, ರಾಮನಾಥಪುರ ಕಡೆಯ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಬೇಯಿಸಿದ ಸೊಪ್ಪನ್ನು ಬ್ಯಾರನ್‌ನಿಂದ (ಸೊಪ್ಪು ಬೇಯಿಸುವ ಮನೆಯಿಂದ) ಇಳಿಸುವ ಮುಂಚೆ ಬಾಗಿಲು ತೆಗೆದಿಟ್ಟು ಎಲೆ ಮೆದುವಾಗಲು ಬಿಡುತ್ತಾರೆ. ಇಲ್ಲದಿದ್ದರೆ ಮುಟ್ಟಿದರೆ ಪುಡಿ. ಸಿಗಾರ್ ಕೂಡ ಹೊಗೆಸೊಪ್ಪಿನದೇ ಸುರುಳಿ. ಅದಕ್ಕೆ ಶೇ 65ರಿಂದ 70ರಷ್ಟು ತೇವ, 18ರಿಂದ 21 ಡಿಗ್ರಿ ಬಿಸಿ ಹಿತ.

ಆದರೆ ನಿಮ್ಮ ಮೀಟರ್ ತೋರಿಸುವ 78 ನಿಜವೇ? ಪೆಟ್ಟಿಗೆಯ ಜೊತೆ ಬರುವ ಮುಳ್ಳಿನ ಮೀಟರ್‌ಗಳನ್ನು ನಾನು ಸುಮ್ನೆ ನಂಬುವುದಿಲ್ಲ. ಪರೀಕ್ಷೆಗೆ ಬೇಕಾದ್ದು ನಿಮ್ಮ ಅಡುಗೆಮನೆಯಲ್ಲೇ ಇದೆ. ಬೇಸಿಗೆಯಲ್ಲಿ ಉದುರುದುರಾಗಿದ್ದ ಪುಡಿ ಉಪ್ಪು ಮಳೆಗಾಲದಲ್ಲಿ ನೀರೊಡೆಯುತ್ತದೆ, ಅಲ್ವಾ? ಗಾಳಿಯ ತೇವ ಸುಮಾರು ಶೇ 75 ದಾಟಿದಾಗ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಒದ್ದೆ ಉಪ್ಪನ್ನು ಮುಚ್ಚಿದ ಜಾಗದಲ್ಲಿಟ್ಟರೆ ಅಲ್ಲಿನ ಗಾಳಿಯೂ 75ಕ್ಕೇ ಬಂದು ನಿಲ್ಲುತ್ತದೆ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ. ಒದ್ದೆ ಮರಳಿನ ಹಾಗಾಗಬೇಕು, ಕರಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಜಿಪ್ ಕವರಿನಲ್ಲಿ ಒಂದು ದಿನ ಇಡಿ. ಮೀಟರ್ 75 ತೋರಿಸಿದರೆ ಸರಿ. 80 ತೋರಿಸಿದರೆ ಅದು 5 ಜಾಸ್ತಿ ಹೇಳುತ್ತಿದೆ ಎಂದರ್ಥ. ಹರಳುಪ್ಪು ಬೇಡ, ಅದರಲ್ಲಿ ಬೇರೆ ಲವಣಗಳೂ ಇರುವುದರಿಂದ ಲೆಕ್ಕ ತಪ್ಪುತ್ತದೆ.

ಇನ್ನು ಮಳೆಗಾಲಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಗಾರ್‌ಗಳನ್ನು ಮರದ ಪೆಟ್ಟಿಗೆಯಿಂದ ತೆಗೆದು, ರಬ್ಬರ್ ಅಂಚಿನ, ಕ್ಲಿಪ್ ಹಾಕುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ. ಆದರೆ ಮುಚ್ಚಳ ಪೂರ್ತಿ ಬಿಗಿಯಿಲ್ಲದ ಮರದ ಪೆಟ್ಟಿಗೆ ನಮ್ಮ ಮಳೆಯನ್ನು ತಡೆಯುವುದಿಲ್ಲ. ಡಬ್ಬಿಯೊಳಗೆ ಬೊವೇಡಾ ಕಂಪನಿಯದ್ದರಂಥ, ಎರಡೂ ಕಡೆ ಕೆಲಸ ಮಾಡುವ ತೇವದ ಪ್ಯಾಕ್ ಇಡಿ. ತೇವ ಹೆಚ್ಚಾದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. 25 ಸಿಗಾರ್‌ಗೆ 60 ಗ್ರಾಮಿನ ಒಂದು ಸಾಕು. ಪ್ಯಾಕ್ ಮೇಲಿನ ಅಂಕಿ ಅದು ಕಾಯುವ ತೇವದ ಶೇಕಡಾವಾರು. ಮಳೆಗಾಲಕ್ಕೆ 69ರದ್ದಕ್ಕಿಂತ 65ರದ್ದೇ ಒಳ್ಳೆಯದು. ಕುಡಿದು ಕುಡಿದು ಉಬ್ಬಿಕೊಂಡ ಪ್ಯಾಕನ್ನು ಬದಲಿಸಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಒಂದೇ ಸಲಕ್ಕೆ ಜಾಸ್ತಿ ಒಣಗಿಸಿ ಮೇಲಿನ ಎಲೆ ಬಿರಿಯುವಂತೆ ಮಾಡಬಹುದು, ಹಾಗಾಗಿ ಸಿಗಾರ್ ಇರುವ ಡಬ್ಬಿಗೆ ಅದು ಬೇಡ.

ಡಬ್ಬಿಯನ್ನು ಮಳೆಗೆ ತೋಯುವ ಹೊರಗೋಡೆಗೆ ತಾಗಿಸದೆ, ನಡುಮನೆಯ ಬೀರುವಿನಲ್ಲಿಡಿ. ಬಟ್ಟೆ ಮುಗ್ಗದಿರಲಿ ಎಂದು ಬೀರುವಿನೊಳಗೆ ಬಲ್ಬ್ ಉರಿಸುವವರಿದ್ದಾರೆ. ಆ ಬೀರು ಮಾತ್ರ ಬೇಡ. ಬಿಸಿ 24 ಡಿಗ್ರಿ ದಾಟಿದರೆ ತಂಬಾಕಿನ ಹುಳದ ಮೊಟ್ಟೆ ಒಡೆಯುವ ಭಯ ಹೆಚ್ಚು. ಅರಿಸಿನ, ಕೊತ್ತಂಬರಿ ಬೀಜಕ್ಕೆ ಬೀಳುವುದೂ ಇದೇ ಹುಳ, ಹಾಗಾಗಿ ಸಾಂಬಾರ ಸಾಮಾನಿನ ಪಕ್ಕವೂ ಬೇಡ. ಸಿಗಾರ್ ಮೇಲೆ ಸೂಜಿ ಚುಚ್ಚಿದಂಥ ತೂತು ಕಂಡರೆ ಅದನ್ನು ಬಿಸಾಡಿ. ಉಳಿದವನ್ನು ಕವರಿನಲ್ಲಿ ಬಿಗಿಯಾಗಿ ಮುಚ್ಚಿ ಮೂರು ದಿನ ಫ್ರೀಜರ್‌ನಲ್ಲಿ, ಒಂದು ದಿನ ಫ್ರಿಜ್‌ನಲ್ಲಿ ಇಟ್ಟು ಹೊರಗೆ ತೆಗೆಯಿರಿ. ಪೂರ್ತಿ ತಣಿವು ಬಿಟ್ಟ ಮೇಲೆ ಕವರ್ ಬಿಚ್ಚಿ.

ನಿಮ್ಮ ಬಿಳಿ ಚುಕ್ಕೆ ಬೂಷ್ಟು ಎಂದೇ ಇಟ್ಟುಕೊಳ್ಳಿ. ತುದಿಯಲ್ಲಿ, ಒಳಗಿನ ಎಲೆಯಲ್ಲಿ ಕಂಡರೆ, ಅಥವಾ ಹಸಿರು, ನೀಲಿ ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ, ಎಷ್ಟೇ ದುಬಾರಿಯಾದರೂ. ತಂಬಾಕು ಹೇಗೂ ದೇಹಕ್ಕೆ ಕೆಟ್ಟದ್ದು, ಅದರ ಮೇಲೆ ಬೂಷ್ಟನ್ನೂ ಎಳೆಯುವುದು ಬೇಡ. ಖಾಲಿಯಾದ ಪೆಟ್ಟಿಗೆಯ ಒಳಗನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ, ವಾಸನೆ ಹೋಗುವವರೆಗೆ ಒಣಗಲು ಬಿಡಿ. ಮಳೆ ನಿಂತು ಒಂದೆರಡು ವಾರ ಬಿಸಿಲು ಬಿದ್ದ ಮೇಲೆ ಸಿಗಾರ್‌ಗಳನ್ನು ಅದಕ್ಕೇ ವಾಪಸ್ ಹಾಕಬಹುದು. ಸ್ಪಾಂಜ್‌ಗೆ ನೀರು ಬೇಕಾಗುವುದು ಮತ್ತೆ ಜನವರಿ, ಫೆಬ್ರುವರಿಯ ಒಣ ಹವೆಗೆ. ಆಗಲೂ ನಲ್ಲಿ ನೀರು ಹಾಕದೆ ಡಿಸ್ಟಿಲ್ಡ್ ವಾಟರ್ ಹಾಕಿ.