ಈಲಿಗೆ ಬರುವ ಮುಂಚೆ

ಯಜಮಾನರಿಗೆ ಈಲಿ ಹತ್ತಿರದ ತಾಮ್ರದ ಗಣಿಯಲ್ಲಿ ಕೆಲಸ ಆಗಿದೆ, ಚಿಕ್ಕ ಮಗು ಇಟ್ಟುಕೊಂಡು ಅಲ್ಲಿ ಇರೋಕಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇರಬಹುದು. ಆದರೆ ಬಂದ ಕೂಡಲೇ ಮನೆ ಮಾತ್ರ ಕೊಳ್ಳಬೇಡಿ.

ಈಲಿ ಇರುವುದು ಅಮೆರಿಕದ ನೆವಾಡಾ ರಾಜ್ಯದ ವೈಟ್ ಪೈನ್ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ. ಇಡೀ ಕೌಂಟಿ ಕರ್ನಾಟಕದ ಎಂಟರಲ್ಲಿ ಒಂದು ಪಾಲಿನಷ್ಟು ಜಾಗ. 2020ರ ಗಣತಿಯಲ್ಲಿ ಅಷ್ಟಕ್ಕೂ ಸೇರಿ ಸುಮಾರು 9,000 ಜನ! ಊರು ಮುಳ್ಳಯ್ಯನಗಿರಿ ತುದಿಗಿಂತ ಎತ್ತರದಲ್ಲಿದೆ. ಜೂನ್‌ನಲ್ಲೂ ರಾತ್ರಿ ಸ್ವೆಟರ್ ಬೇಕು. ಇಷ್ಟು ಎತ್ತರದಲ್ಲಿ ಬೇಳೆ ಬೇಗ ಬೇಯಲ್ಲ, ಎರಡು ಸೀಟಿ ಜಾಸ್ತಿ ಕೂಗಿಸಿ.

ದೊಡ್ಡ ಪೇಟೆ ಅಂದರೆ ಸಾಲ್ಟ್ ಲೇಕ್ ಸಿಟಿ, ಇಲ್ಲವೇ ಲಾಸ್ ವೇಗಸ್. ಎರಡಕ್ಕೂ ಸುಮಾರು 240 ಮೈಲಿ. ಕರಿಬೇವು, ತೊಗರಿಬೇಳೆ ಎಲ್ಲ ಅಲ್ಲಿಂದಲೇ. ನಾನು ಎರಡು ತಿಂಗಳಿಗೊಮ್ಮೆ ತಂದು, ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿ ಫ್ರೀಜರಿಗೆ ಹಾಕುತ್ತೇನೆ. ಪಶ್ಚಿಮಕ್ಕೆ ಯುರೇಕಾ ಕಡೆ ಹೊರಟರೆ 77 ಮೈಲಿ ನಡುವೆ ಪೆಟ್ರೋಲ್ ಬಂಕ್ ಇಲ್ಲ. ಚಳಿಗಾಲದಲ್ಲಿ ಕಾರಿನಲ್ಲಿ ಕಂಬಳಿ, ನೀರು ಇರಲೇಬೇಕು.

ಈಗ ಮನೆಯ ವಿಷಯ. 1868ರಲ್ಲಿ ಇಲ್ಲಿನ ಹ್ಯಾಮಿಲ್ಟನ್‌ಗೆ ಬೆಳ್ಳಿ ಹುಡುಕಿಕೊಂಡು ಸಾವಿರಾರು ಜನ ಬಂದರು. ಇವತ್ತು ಅಲ್ಲಿ ಮುರುಕು ಗೋಡೆ ಬಿಟ್ಟು ಏನೂ ಇಲ್ಲ. ಆಮೇಲೆ ತಾಮ್ರ. ಈಲಿ ಹತ್ತಿರದ ದೊಡ್ಡ ತಾಮ್ರದ ಗಣಿ 1978ರಲ್ಲಿ ನಿಂತಿತು. 1983ರಲ್ಲಿ ಪಕ್ಕದ ಊರು ಮೆಕ್‌ಗಿಲ್‌ನ ತಾಮ್ರ ಕರಗಿಸುವ ಕುಲುಮೆಯೂ ಆರಿತು. 1996ರಲ್ಲಿ ಗಣಿ ಮತ್ತೆ ತೆರೆಯಿತು, 1999ರಲ್ಲಿ ಮತ್ತೆ ಮುಚ್ಚಿತು, 2004ರಲ್ಲಿ ಪುನಃ ಶುರುವಾಯಿತು. ತಾಮ್ರದ ಬೆಲೆ ಬಿದ್ದರೆ ಇಡೀ ಊರಿಗೆ ಎದೆ ಹೊಡೆದುಕೊಳ್ಳುತ್ತದೆ.

ನಾನು ಕೆಜಿಎಫ್‌ನವಳು. 2001ರಲ್ಲಿ ಗಣಿ ಮುಚ್ಚಿದಾಗ ನಮ್ಮ ಲೈನ್ ಮನೆಗಳ ಗಂಡಸರು ಬೆಳಗಿನ ಕತ್ತಲಲ್ಲೇ ಬುತ್ತಿ ಹಿಡಿದು ಬೆಂಗಳೂರಿನ ರೈಲು ಹತ್ತುತ್ತಿದ್ದರು. ಕಷ್ಟವೇ, ಆದರೂ ಒಲೆ ಉರಿಯಿತು. ಇಲ್ಲಿ ಹಾಗೆ ದಿನಾ ಹೋಗಿ ಬರೋಕೆ ಹತ್ತಿರದಲ್ಲಿ ಯಾವ ಬೆಂಗಳೂರೂ ಇಲ್ಲ. ಗಣಿ ನಿಂತ ದಿನ ನಿಮ್ಮ ಮನೆ ಕೊಳ್ಳೋಕೆ ಯಾರು ಬರುತ್ತಾರೆ, ಹೇಳಿ? ಕಡಿಮೆ ಅಂದರೂ ಎರಡು ವರ್ಷ ಬಾಡಿಗೆಗೆ ಇದ್ದು ನೋಡಿ.

ಜನ ಮಾತ್ರ ಬಂಗಾರ. ನಮ್ಮ ಮೊದಲ ಚಳಿಗಾಲದಲ್ಲಿ, ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲಿಂದ ಕಾರಿನ ತನಕ ಹಿಮ ಸರಿಸಿ ದಾರಿ ಮಾಡಿತ್ತು. ಎದುರು ಮನೆಯ ಅಜ್ಜ, ಹಳೇ ಗಣಿ ಕೆಲಸಗಾರ. ನಾವು ಕೇಳಿರಲೇ ಇಲ್ಲ.

ಮಗುವಿಗೆ ರೈಲು ಇಷ್ಟ ಅಲ್ವಾ? ಗಣಿಗಾಗಿ 1906ರಲ್ಲಿ ಈಲಿಗೆ ಬಂದ ರೈಲುದಾರಿ ಇನ್ನೂ ಇದೆ, ಹಬೆ ಎಂಜಿನ್ ಸಮೇತ. ಬಂದ ಮೇಲೆ ತಿಳಿಸಿ, ಮೊದಲ ಶನಿವಾರ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.