ಮನೆಯಲ್ಲಿ ಮಾಡಿದ ಚಟ್ನಿಪುಡಿ ಎರಡು ವಾರಕ್ಕೇ ಕಮಟು ಹಿಡಿಯುತ್ತಿದೆ, ಆರು ತಿಂಗಳು ಇಡುವುದು ಹೇಗೆ?

ಫ್ರಿಜ್ಜಿನಲ್ಲಿ ಇಡಬೇಡಿ. ವಿನೆಗರ್ ಹಾಕುವ ಯೋಚನೆಯನ್ನು ಈಗಲೇ ಬಿಡಿ. ಸಾವಿರ ವ್ಯಾಟಿನ ಹೊಸ ಮಿಕ್ಸಿ ತಂದರೂ ನಿಮ್ಮ ಕಷ್ಟ ತೀರುವುದಿಲ್ಲ. ಜರ್ಮನಿಯಲ್ಲಿರುವ ತಮ್ಮನಿಗೆ ಕಳಿಸುವ ಆತುರದಲ್ಲಿ ನೀವು ಈ ಮೂರನ್ನೇ ಕೇಳಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ನಡುವೆ ಬರೆದ ಇನ್ನೊಂದು ಮಾತಿನ ಮೇಲೆ: ಮಾಡಿದ ದಿನ ಪುಡಿ ಹೊಳೆಯುತ್ತಿತ್ತು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು, ಘಮ ಬೀದಿಯವರೆಗೆ ಹೋಗುತ್ತಿತ್ತು. ಆ ಪುಡಿ ನನಗೆ ಚೆನ್ನಾಗಿ ಗೊತ್ತು. ಅದನ್ನೇ 15 ಕಿಲೋ ಮಾಡಿ, ಅಷ್ಟನ್ನೂ ಹಾಳುಮಾಡಿದ್ದೇನೆ.

ಮೈಸೂರಿನಲ್ಲಿ ಮನೆಯಿಂದಲೇ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರಲು ಶುರುಮಾಡಿದ್ದ ಕಾಲ ಅದು. ಪರಿಚಯದವರೊಬ್ಬರ ಗೃಹಪ್ರವೇಶ. ಬಂದವರಿಗೆ ಕೊಡುವ ತಾಂಬೂಲದ ಚೀಲದಲ್ಲಿ ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ ಒಂದೊಂದು ಪೊಟ್ಟಣ ಚಟ್ನಿಪುಡಿಯೂ ಇರಲಿ ಎಂದು ಆ ಮನೆಯ ಯಜಮಾನಿತಿಗೆ ಆಸೆ. ನನಗೆ ಅಲ್ಲಿಯವರೆಗೆ ಅಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಏಪ್ರಿಲ್ ತಿಂಗಳ ಸೆಕೆ. ಸಾಮಾನು ತರುವುದರಲ್ಲಿ ಜಿಪುಣತನ ಮಾಡಲಿಲ್ಲ: ಒಳ್ಳೆಯ ಕಡಲೆಬೇಳೆ, ಹೊಸ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ತಿಪಟೂರಿನ ಉಂಡೆ ಕೊಬ್ಬರಿ. ಬೇಳೆಗಳನ್ನು ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ತಾಳ್ಮೆಯಿಂದಲೇ ಹುರಿದೆ. ಇಲ್ಲಿಯವರೆಗೆ ಎಲ್ಲವೂ ಸರಿ.

ತಪ್ಪಿದ್ದು ಇದರ ಮುಂದೆ. ಹೊತ್ತು ಮೀರುತ್ತಿತ್ತು. ಹುರಿದ ಬೇಳೆ ಪೂರ್ತಿ ಆರಲು ಬಿಡದೆ, ಇನ್ನೂ ಬೆಚ್ಚಗಿರುವಾಗಲೇ ಕೊಬ್ಬರಿ ತುರಿ, ಹುಣಸೆ, ಬೆಲ್ಲ, ಉಪ್ಪು ಎಲ್ಲವನ್ನೂ ಒಟ್ಟಿಗೆ ದೊಡ್ಡ ಜಾರಿಗೆ ತುಂಬಿ, ನಿಲ್ಲಿಸದೆ ತಿರುಗಿಸಿದೆ. ಒಂದು ಜಾರು ಮುಗಿದ ಕೂಡಲೇ ಇನ್ನೊಂದು. ಮಿಕ್ಸಿಯ ತಳ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಪುಡಿಯ ಬಣ್ಣ ಮಾತ್ರ ಕಣ್ಣು ಕೋರೈಸುವಂತಿತ್ತು. ಬಾಯಿಗೆ ಹಾಕಿದರೆ ಕರಗುತ್ತಿತ್ತು. ರುಚಿ ನೋಡಿದವರೆಲ್ಲ ಹೊಗಳಿದರು. ಅದೇ ರಾತ್ರಿ ಪೊಟ್ಟಣಗಳ ಬಾಯಿ ಮುಚ್ಚಿದ್ದೂ ಆಯಿತು.

ಮೂರನೆಯ ವಾರ ಆ ಯಜಮಾನಿತಿ ಒಂದು ಪೊಟ್ಟಣ ಹಿಡಿದು ಮನೆಗೆ ಬಂದರು. ಜಗಲಿಯಲ್ಲೇ ನಿಂತು ಬಿಚ್ಚಿ ನನ್ನ ಮುಂದೆ ಹಿಡಿದರು. ಹಳೆಯ ಹರಳೆಣ್ಣೆ ಬಾಟಲಿಯ ಮುಚ್ಚಳ ತೆಗೆದಂಥ ವಾಸನೆ. ನಾಲಿಗೆಗೆ ಇಟ್ಟರೆ ಸಾಬೂನಿನ ಛಾಯೆ. "ಮನೆಯ ಹೆಸರು ಹೇಳಿ ಹಂಚಿದ್ದಮ್ಮಾ ಇದು" ಎಂದಷ್ಟೇ ಹೇಳಿದರು. ದುಡ್ಡು ವಾಪಸು ಕೊಟ್ಟೆ. ದುಡ್ಡು ಹೋದದ್ದು ದೊಡ್ಡದಲ್ಲ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಆ ಬಡಾವಣೆಯಿಂದ ಮತ್ತೆ ಯಾರೂ ಪುಡಿ ಕೇಳಲಿಲ್ಲ.

ನಾನೂ ಮೊದಲು ನಿಮ್ಮಂತೆಯೇ ಯೋಚಿಸಿದೆ. ಕವರ್ ಸರಿ ಇರಲಿಲ್ಲವೇನೋ, ಅಂಗಡಿಯವನು ಹಳೆಯ ಬೇಳೆ ಕೊಟ್ಟನೇನೋ, ಗಾಜಿನ ಬಾಟಲಿಗೆ ಹಾಕಬೇಕಿತ್ತೇನೋ. ಅಂಗಡಿ ಬದಲಿಸಿದೆ, ಕವರ್ ಬದಲಿಸಿದೆ, ಕಮಟು ಬದಲಾಗಲಿಲ್ಲ. ತಿಪಟೂರಿನ ಕಡೆಯ ನಮ್ಮ ಅತ್ತೆ ಊರಿನಿಂದ ಬಂದಾಗ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಎಡಗೈಯ ಅಂಗೈ ಮೇಲೆ ಹಾಕಿಕೊಂಡು ಹೆಬ್ಬೆರಳಿನಿಂದ ತಿಕ್ಕಿದರು. ಪುಡಿಯನ್ನು ಊದಿ ಹಾರಿಸಿ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ರೇಖೆಗಳ ನಡುವೆ ಕೆಂಪು ಎಣ್ಣೆ ಮಿನುಗುತ್ತಿತ್ತು. "ಕೊಬ್ಬರಿ ಬೆವೆತಿದೆ ನೋಡು" ಎಂದರು. ತೋಟದ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ ಗಿಟುಕು ಗಲಗಲ ಅನ್ನುವವರೆಗೆ ಕಾದವರು ಅವರು. ಕೊಬ್ಬರಿಯ ವಿಷಯದಲ್ಲಿ ಅವರ ಮಾತಿಗೆ ನಾನು ಎದುರಾಡುವುದಿಲ್ಲ.

ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ನಿಮ್ಮ ಪುಡಿ ಕೆಟ್ಟದ್ದೂ ಇದರಿಂದಲೇ. ಕೊಬ್ಬರಿಯ ತೂಕದಲ್ಲಿ ಶೇಕಡ 60ಕ್ಕಿಂತ ಹೆಚ್ಚು ಎಣ್ಣೆ. ಆ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಡಿಸೆಂಬರಿನ ಬೆಳಗ್ಗೆ ತಲೆಗೆ ಹಚ್ಚುವ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುವುದೂ, ಬಿಸಿಲು ಏರುತ್ತಿದ್ದಂತೆ ಇಳಿಯುವುದೂ ಅದಕ್ಕೇ. ಬೇಸಗೆಯ ಅಡುಗೆಮನೆಯಲ್ಲಿ ಅದು ಮೊದಲೇ ಕರಗುವ ಹದದಲ್ಲಿರುತ್ತದೆ. ಅದರ ಮೇಲೆ ಬೆಚ್ಚಗಿನ ಬೇಳೆ, ಅದರ ಮೇಲೆ ಮಿಕ್ಸಿಯ ಬ್ಲೇಡಿನ ಕಾವು. ಕೊಬ್ಬರಿಯ ಒಡಲಲ್ಲಿ ಅಡಗಿದ್ದ ಎಣ್ಣೆ ಹೊರಗೆ ಹರಿದು, ಬೇಳೆಯ ಹಿಟ್ಟಿನ ಪ್ರತಿ ಕಣಕ್ಕೂ ಅಂಟುತ್ತದೆ. ನೀವು ಕಂಡ ಆ ಹೊಳಪು ಇದೇ.

ಎಣ್ಣೆ ಹೊರಬಂದ ಮಾತ್ರಕ್ಕೆ ಕೆಡಬೇಕಾಗಿಲ್ಲ. ಒಣಗಿದ್ದರೆ ಕೊಬ್ಬರಿ ಎಣ್ಣೆ ಬಹಳ ದಿನ ತಾಳುತ್ತದೆ. ಆದರೆ ತೇವ ಜೊತೆಗೂಡಿದರೆ ಎಣ್ಣೆ ಒಡೆದು ಆಮ್ಲಗಳಾಗುತ್ತವೆ, ಆ ಸಾಬೂನಿನ ರುಚಿ ಅಲ್ಲಿಂದ ಬರುತ್ತದೆ. ತೇವ ಎಲ್ಲಿಂದ ಬಂತು? ಬೆಚ್ಚಗಿನ ಬೇಳೆಯ ಆವಿ ಪೊಟ್ಟಣದೊಳಗೇ ಉಳಿಯಿತು. ಹುಣಸೆಹಣ್ಣು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಬೆಲ್ಲ ಅದಕ್ಕಿಂತ ಹೆಚ್ಚು ಎಳೆದುಕೊಳ್ಳುತ್ತದೆ. ಕಲ್ಲುಪ್ಪೂ ಅಷ್ಟೇ. ಕೊಬ್ಬರಿಯನ್ನು ಬಿಸಿಯಲ್ಲಿ ಅರೆದು ಎಣ್ಣೆ ಬಿಡಿಸಿ, ಅದರ ಪಕ್ಕದಲ್ಲೇ ನೀರು ಕುಡಿಯುವ ಮೂರು ಪದಾರ್ಥಗಳನ್ನು ಕೂರಿಸಿ, ಬಾಯಿ ಕಟ್ಟಿಟ್ಟಿದ್ದೆ. ಕೆಡದೆ ಇನ್ನೇನಾಗುತ್ತದೆ? ಮೊದಲ ದಿನದ ಆ ಜೋರು ಘಮ ಎಲ್ಲರನ್ನೂ ಮೋಸಗೊಳಿಸುತ್ತದೆ. ಬಿಡುಗಡೆಯಾದ ಎಣ್ಣೆ ಇಂಗಿನ, ಕರಿಬೇವಿನ, ಮೆಣಸಿನಕಾಯಿಯ ಪರಿಮಳವನ್ನೆಲ್ಲ ಎಳೆದು ಮೂಗಿಗೆ ತಂದು ಕೊಡುತ್ತದೆ. ಅದನ್ನು ನಂಬಿದವರು ಹೀಗೇ ಮತ್ತೆ ಮತ್ತೆ ಮಾಡುತ್ತಾರೆ.

ಈಗ ವಿನೆಗರ್ ಯಾಕೆ ಬೇಡ ಎಂದೆನೆಂದು ಗೊತ್ತಾಯಿತಲ್ಲ. ಅದರಲ್ಲಿ ಹೆಚ್ಚಿನ ಪಾಲು ನೀರೇ. ಫ್ರಿಜ್ಜಿನ ಮಾತೂ ಅದೇ. ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದು ಮುಚ್ಚಳ ಬಿಚ್ಚಿದ ಕೂಡಲೇ ಹೊರಗಿನ ಗಾಳಿಯ ತೇವ ಪುಡಿಯ ಮೇಲೆ ಇಳಿಯುತ್ತದೆ. ದಿನಕ್ಕೆರಡು ಸಲ ತೆಗೆದಿಟ್ಟರೆ ದಿನಕ್ಕೆರಡು ಸಲ ನೀರು ಚಿಮುಕಿಸಿದಂತೆ.

ನಿಮ್ಮ ಅಮ್ಮನ ಪುಡಿ ತಿಂಗಳುಗಟ್ಟಲೆ ಇರುತ್ತಿತ್ತು ಎಂದು ಬರೆದಿದ್ದೀರಿ. ಅವರು ಒರಳಿನಲ್ಲಿ ಕುಟ್ಟುತ್ತಿದ್ದರೆ ಅದಕ್ಕೆ ಕಾರಣ ಸಿಕ್ಕಂತಾಯಿತು: ಕಲ್ಲಿನ ಒರಳು ಮಿಕ್ಸಿಯಂತೆ ಕಾಯುವುದಿಲ್ಲ, ಕೊಬ್ಬರಿ ನುಣ್ಣಗಾಗದೆ ತರಿತರಿಯಾಗಿಯೇ ಉಳಿಯುತ್ತದೆ. ಆದರೂ ಆರು ತಿಂಗಳ ಆಸೆಯನ್ನು ನಾನು ಒಪ್ಪುವುದಿಲ್ಲ. ಕೊಬ್ಬರಿ ಹಾಕಿದ ಚಟ್ನಿಪುಡಿಯನ್ನು ಮೂರು ವಾರದೊಳಗೆ ತಿಂದು ಮುಗಿಸಬೇಕು. ಅದಕ್ಕಿಂತ ಹೆಚ್ಚು ದಿನ ಇಟ್ಟರೆ ಕೆಡದಿದ್ದರೂ ಕರಿಬೇವು ಹುಲ್ಲಾಗುತ್ತದೆ, ಇಂಗು ಸತ್ತುಹೋಗುತ್ತದೆ. ಹೆಚ್ಚು ದಿನ ಇರಬೇಕಾದದ್ದು ಕೊಬ್ಬರಿ, ಬೆಲ್ಲ ಇಲ್ಲದ ಒಣ ಬೇಳೆಪುಡಿ ಮಾತ್ರ. ಅದನ್ನು ದೊಡ್ಡ ಡಬ್ಬಿಯಲ್ಲಿಡಿ. ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದು ಆಗ ಕೊಬ್ಬರಿ ಬೆರೆಸಿ. ನಾನು ಈಗ ಮಾರುವುದೂ ಹೀಗೆಯೇ: ಪುಡಿಯ ಪೊಟ್ಟಣ ಒಂದು, ಕೊಬ್ಬರಿಯ ಪೊಟ್ಟಣ ಇನ್ನೊಂದು. ಇದೇನು ಹೊಸ ಪದ್ಧತಿ ಎಂದು ಕೇಳಿದವರೂ ಒಮ್ಮೆ ತಿಂದ ಮೇಲೆ ಮತ್ತೆ ಕೇಳಿಲ್ಲ.

ಒಣ ಪುಡಿಗೆ ನನ್ನ ಅಳತೆ ಇದು: 1 ಲೋಟ ಕಡಲೆಬೇಳೆಗೆ ½ ಲೋಟ ಉದ್ದಿನಬೇಳೆ, 15 ಬ್ಯಾಡಗಿ ಮೆಣಸಿನಕಾಯಿ, ಖಾರ ಬೇಕಾದರೆ 4 ಗುಂಟೂರು, ನೆಲ್ಲಿಕಾಯಿ ಗಾತ್ರದ ಹುಣಸೆ, ಎರಡು ಹಿಡಿ ಕರಿಬೇವು, ಕಾಲು ಚಮಚ ಇಂಗು, ರುಚಿಗೆ ಉಪ್ಪು. ಬ್ಯಾಡಗಿಯನ್ನೇ ಹೇಳುವುದು ಹಾವೇರಿ ಜಿಲ್ಲೆಯ ಮೇಲಿನ ಅಭಿಮಾನಕ್ಕಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಆ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಹಾಗಾಗಿ ಕೈಬಿಚ್ಚಿ ಹಾಕಬಹುದು. ಅದರ ಸಿಹಿಮಿಶ್ರಿತ ಪರಿಮಳವೇ ಮೈಸೂರು ಕಡೆಯ ಚಟ್ನಿಪುಡಿಯ ಜೀವ.

ಕಡಲೆಬೇಳೆಯನ್ನು ಮೊದಲು, ಒಂಟಿಯಾಗಿ ಹುರಿಯಿರಿ. ಅದು ದಪ್ಪ ಬೇಳೆ. ಉರಿ ಜೋರಾದರೆ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಬಣ್ಣ ನೋಡಿ ಇಳಿಸಬೇಡಿ. ಒಂದು ಕಾಳನ್ನು ಆರಿಸಿ ಹಲ್ಲಿನ ನಡುವೆ ಕಚ್ಚಿ. ಕಟುಮ್ ಎಂದು ಮುರಿದು ಹಿಟ್ಟಾದರೆ ಆಯಿತು. ಹಲ್ಲಿಗೆ ಅಂಟಿದರೆ, ಮುರಿದ ಅರ್ಧದ ನಡುವೆ ತಿಳಿಹಳದಿ ಚುಕ್ಕೆ ಕಂಡರೆ, ಒಳಗೆ ಇನ್ನೂ ನೀರಿದೆ ಎಂದೇ ಅರ್ಥ. ಉದ್ದಿನಬೇಳೆ ಬೇಗ ಹೊಂಬಣ್ಣಕ್ಕೆ ಬರುತ್ತದೆ. ಅದರ ಪಕ್ಕ ಬಿಟ್ಟು ಕದಲಬೇಡಿ. ಮೆಣಸಿನಕಾಯಿಯನ್ನು ಒಂದು ದಿನ ಬಿಸಿಲಿಗೆ ಹಾಕಿ, ತೊಟ್ಟು ಮುರಿದು, ಚಿಟಿಕೆ ಉಪ್ಪಿನ ಜೊತೆ ಬೆಚ್ಚಗೆ ಮಾಡಿದರೆ ಘಾಟು ಅಷ್ಟಾಗಿ ಏಳುವುದಿಲ್ಲ. ಕರಿಬೇವನ್ನು ತೊಳೆದ ದಿನವೇ ಹುರಿಯಬೇಡಿ, ನೆರಳಲ್ಲಿ ಒಣಗಿಸಿ. ಹುಣಸೆಯ ನಾರು, ಬೀಜ ತೆಗೆದು ಎಳೆ ಎಳೆಯಾಗಿ ಬಿಡಿಸಿ, ಒಲೆ ಆರಿಸಿದ ಬಿಸಿ ಬಾಣಲೆಯಲ್ಲಿ ಬಿಟ್ಟರೆ ತಣಿದ ಮೇಲೆ ಗರಿಯಾಗುತ್ತದೆ. ಉಪ್ಪನ್ನೂ ಅದೇ ಬಾಣಲೆಯಲ್ಲಿ ಬಿಸಿ ಮಾಡಿ.

ಆಮೇಲೆ ಎಲ್ಲವನ್ನೂ ದೊಡ್ಡ ತಟ್ಟೆಯಲ್ಲಿ ಹರಡಿ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ಬೇಳೆಯ ರಾಶಿಯೊಳಗೆ ಬೆರಳು ಇಳಿಸಿದಾಗ ಹೊರಗಿನಷ್ಟೇ ತಣ್ಣಗಿರಬೇಕು. ಚಿಕ್ಕ ಜಾರಿನಲ್ಲಿ, ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ಪುಡಿಮಾಡಿ. ಸಣ್ಣ ರವೆಯ ಹದ ಸಾಕು. ಪುಡಿಯಾದ ಮೇಲೂ ಒಮ್ಮೆ ಹರಡಿ ಆರಿಸಿ, ಆಮೇಲೆ ಡಬ್ಬಿಗೆ ತುಂಬಿ. ಗಾಜಿನ ಭರಣಿಯನ್ನು ಚೆಂದಕ್ಕೆಂದು ಕಿಟಕಿಯಲ್ಲಿ ಇಡಬೇಡಿ, ಬೆಳಕಿಗೆ ಬ್ಯಾಡಗಿಯ ಕೆಂಪು ಮಾಸುತ್ತದೆ.

ಕೊಬ್ಬರಿ ಬೆರೆಸುವ ದಿನ ಗಿಟುಕಿನ ಕಂದು ಸಿಪ್ಪೆ ಹೆರೆದು, ಸಣ್ಣಗೆ ತುರಿದು, ಬಾಣಲೆಯಲ್ಲಿ ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿ, ಪೂರ್ತಿ ತಣಿಸಿ. ಒಣ ಪುಡಿ ನಾಲ್ಕು ಚಮಚವಾದರೆ ಕೊಬ್ಬರಿ ಒಂದು ಚಮಚ. ಕೈಯಲ್ಲೇ ಕಲಸಿದರೂ ಆಗುತ್ತದೆ. ಮಿಕ್ಸಿಯೇ ಬೇಕೆಂದರೆ ಎರಡು ಸಲ ಗುರ್ ಎನಿಸಿ ನಿಲ್ಲಿಸಿಬಿಡಿ. ಬೆಲ್ಲ ಬೇಕಾದವರು ಆಗಲೇ ಒಂದು ಚೂರು ಪುಡಿಮಾಡಿ ಸೇರಿಸಬೇಕು.

ಇನ್ನೊಂದು ಮಾತು. ನಿಮ್ಮ ತಮ್ಮ ಕೇಳಿದರೆಂದು ಶೇಂಗಾ ಚಟ್ನಿಯನ್ನೂ ಕಳಿಸಬೇಕೆಂದಿದ್ದೀರಿ. ಶೇಂಗಾದ ತೂಕದಲ್ಲಿ ಅರ್ಧದಷ್ಟು ಎಣ್ಣೆ, ಅದೂ ಗಾಳಿಗೆ ಬೇಗ ಕೆಡುವ ಎಣ್ಣೆ. ಧಾರವಾಡದ ಕಡೆಯ ಮನೆಗಳಲ್ಲಿ ಅದನ್ನು ಆಗಾಗ ಕುಟ್ಟಿ, ರೊಟ್ಟಿಯ ಜೊತೆ ಬೇಗ ಖಾಲಿ ಮಾಡುತ್ತಾರೆ. ಅದು ಕೂಡಿಟ್ಟು ತಿನ್ನುವ ಪದಾರ್ಥವಲ್ಲ. ಅದರ ಬದಲು ಆಂಧ್ರದವರ ಕಂದಿಪೊಡಿಯಂತೆ ತೊಗರಿಬೇಳೆ ಹುರಿದು, ಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಮಾಡಿದ ಪುಡಿ ಕಳಿಸಿ. ಕೊಬ್ಬರಿಯ ಗೊಡವೆಯೇ ಇಲ್ಲ. ಬಿಸಿ ಅನ್ನ, ತುಪ್ಪ ಇದ್ದರೆ ಆಯಿತು.

ಜರ್ಮನಿಗೆ ಕೊಬ್ಬರಿ ಹೊರಿಸಬೇಡಿ. ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಕೇಕಿಗೆ ಹಾಕುವ ಒಣ ತೆಂಗಿನ ತುರಿ 'ಕೋಕೋಸ್‌ರಾಸ್ಪೆಲ್' ಎಂಬ ಹೆಸರಿನಲ್ಲಿ ಸಿಗುತ್ತದೆ. ಸಕ್ಕರೆ ಬೆರೆಸದ್ದನ್ನು ನೋಡಿ ಕೊಂಡು, ಬೆಚ್ಚಗೆ ಮಾಡಿ ತಣಿಸಿ ಬೆರೆಸಿಕೊಳ್ಳಲು ತಮ್ಮನಿಗೆ ಹೇಳಿ. ಒಣ ಪುಡಿಯನ್ನು ಒಂದೇ ದೊಡ್ಡ ಡಬ್ಬಿಯಲ್ಲಿ ಕೊಡದೆ, ದಪ್ಪ ಕವರುಗಳಲ್ಲಿ 100 ಗ್ರಾಮಿನಂತೆ ಕಟ್ಟಿ. ಒಂದನ್ನು ಒಡೆದಾಗ ಉಳಿದವುಗಳ ಬಾಯಿ ಮುಚ್ಚಿಯೇ ಇರುತ್ತದೆ.