ಉಡಿಯಲ್ಲಿ ಕೊಡುತ್ತಿದ್ದ ಕಾಯಿ ತಕ್ಕಡಿಗೆ ಬಂದಾಗ

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಅಕ್ಕ ಒಬ್ಬರು ಐದು ಪುಟದ ಪತ್ರ ಬರೆದಿದ್ದಾರೆ. ಅದನ್ನು ಓದಿದ ಮೇಲೆ ಎರಡು ದಿನ ಬೇರೆ ಪತ್ರ ಬಿಡಿಸಲು ಮನಸ್ಸಾಗಲಿಲ್ಲ.

ವಿಷಯ ಇಷ್ಟು. ಇವರ ಹಿತ್ತಲಲ್ಲಿ ಒಂದು ಜವಾರಿ ಮಾವಿನ ಮರ. ಪಕ್ಕದ ಮನೆಯಲ್ಲಿ 26 ವರ್ಷದಿಂದ ಜೊತೆಗಿರುವ ಗೆಳತಿ. ಪ್ರತಿ ಬೇಸಿಗೆ ಇಬ್ಬರೂ ಕೂತು ಉಪ್ಪಿನಕಾಯಿ ಹಾಕುತ್ತಾರೆ, ತುರಿದ ಕಾಯಿಗೆ ಬೆಲ್ಲ ಹಾಕಿ ಗುಳಂಬ ಮಾಡುತ್ತಾರೆ. ಈ ಸಲ ಗೆಳತಿ ಕಾಯಿ ಒಯ್ದರು. ಮರುದಿನ ಬಂದು ಕಟ್ಟೆ ಮೇಲೆ ಐನೂರರ ನೋಟು ಇಟ್ಟು ಹೋದರು. ಅಂದಿನಿಂದ ಮಾತಿಲ್ಲ. "ಸಂತೆಯಲ್ಲಿ ಕೂತವಳಿಗೆ ಕೊಟ್ಟ ಹಾಗೆ ರೊಕ್ಕ ಕೊಟ್ಟಳು" ಎಂದು ಅಕ್ಕನ ಸಂಕಟ. ಕೊನೆಗೆ ಇನ್ನೊಂದು ಪ್ರಶ್ನೆ: "ಈ ವರ್ಷ ಒಬ್ಬಳೇ ಗುಳಂಬ ಮಾಡಿದೆ. ಮೂರೇ ವಾರಕ್ಕೆ ಬೂಷ್ಟು ಬಂತು. ಎಲ್ಲಿ ತಪ್ಪಿತು?"

ಅಕ್ಕಾ, ಆ ನೋಟಿನ ಬಗ್ಗೆ ನೀವು ಮೂರು ಪುಟ ಬರೆದಿದ್ದೀರಿ. ಎರಡನೇ ಪುಟದ ಕೆಳಗೆ ಒಂದು ಸಣ್ಣ ಸಾಲಿದೆ: "ಮಗ ಬೆಂಗಳೂರಿಂದ ಬಂದಿದ್ದ, ಈ ಸಲ ಕಾಯಿ ತೂಕ ಮಾಡಿ ಕೊಟ್ಟೆವು." ನಾನು ಅಲ್ಲೇ ನಿಂತುಬಿಟ್ಟೆ.

25 ವರ್ಷ ನೀವು ಹೇಗೆ ಕೊಡುತ್ತಿದ್ದಿರಿ? ಅದನ್ನೂ ನೀವೇ ಬರೆದಿದ್ದೀರಿ. ಉಡಿಯಲ್ಲಿ ಹಾಕಿ, ಸಾಲದಿದ್ದರೆ ಬುಟ್ಟಿಯಲ್ಲಿ. ಈ ಸಲ ನಿಮ್ಮ ಮಗ ಕಟ್ಟೆ ಮೇಲೆ ತಕ್ಕಡಿ ಇಟ್ಟ. ಅದರ ಮೇಲೆ ನಂಬರ್ ಮೂಡಿತು. ಆಕೆ ಆ ನಂಬರ್ ನೋಡಿದಳು. ನಂಬರ್ ತೋರಿಸಿದ ಮೇಲೆ ರೊಕ್ಕ ಕೊಡದೆ ಇನ್ನೇನು ಮಾಡಬೇಕಿತ್ತು, ಹೇಳಿ? ನೀವು ಬಾಯಿ ಬಿಟ್ಟು ಕೇಳಲಿಲ್ಲ, ನಿಜ. ತಕ್ಕಡಿ ಕೇಳಿತು.

ಮಗನ ವಾದವನ್ನೂ ಬರೆದಿದ್ದೀರಿ. ಕೊಪ್ಪಳದ ಮಾವು ಮೇಳಕ್ಕೆ ಹೋಗಿದ್ದನಂತೆ, ಕೇಸರ್ ಹಣ್ಣಿನ ರೇಟು ನೋಡಿ ಬಂದು "ನಮ್ಮದನ್ನು ಸುಮ್ನೆ ಹಂಚ್ತೀವಲ್ಲ" ಅಂದನಂತೆ. ಕೇಸರ್ ಗುಜರಾತಿನ ಜುನಾಗಢದ ಕಡೆಯ ತಳಿ, ನಮ್ಮ ಮಸಾರಿ (ಕೆಂಪು ಮಣ್ಣಿನ) ನೆಲಕ್ಕೂ ಒಗ್ಗಿಕೊಂಡಿದೆ, ಬೆಳೆದವರು ನಾಲ್ಕು ಕಾಸು ನೋಡಲಿ. ಆದರೆ ನಿಮ್ಮ ಮರದ್ದು ಹಲ್ಲು ಚುಳ್ ಎನ್ನುವ ಹುಳಿ. ಉಪ್ಪಿನಕಾಯಿಗೆ, ಗುಳಂಬಕ್ಕೆ ಅದೇ ಬೇಕು. ಹದಿನೈದು ದಿನಕ್ಕೆಂದು ಬಂದು ಇಪ್ಪತ್ತಾರು ವರ್ಷದ ಲೆಕ್ಕ ಸರಿಮಾಡುವ ಮಕ್ಕಳ ಬಗ್ಗೆ ಈ ಅಂಕಣದಲ್ಲಿ ಮೊದಲೂ ಬರೆದು ಬೈಸಿಕೊಂಡಿದ್ದೇನೆ. ಮತ್ತೆ ಬರೆಯುತ್ತೇನೆ: ತಪ್ಪು ಅವನದೇ ಜಾಸ್ತಿ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ನಿಮ್ಮೂರಿಂದಲೂ ಟ್ರ್ಯಾಕ್ಟರ್‌ನಲ್ಲಿ ರೊಟ್ಟಿ ಹೋಗುತ್ತವಲ್ಲ, ಯಾರ ಮನೆಯದು ಎಷ್ಟು ಕಿಲೋ ಅಂತ ಯಾರಾದರೂ ತೂಗಿದ್ದಾರಾ? ಅವನನ್ನೂ ಒಮ್ಮೆ ಆ ಟ್ರ್ಯಾಕ್ಟರ್ ಹತ್ತಿಸಿ ಕಳಿಸಿ.

ಇನ್ನು ಬೂಷ್ಟು. ಬೆಲ್ಲ ಎಷ್ಟು ಹಾಕಿದಿರಿ ಎಂದು ಬರೆದಿದ್ದೀರಿ, ಅದು ಸರಿಯಾಗೇ ಇದೆ. ಪಾಕ ಎಷ್ಟು ಹೊತ್ತು ಎಂದು ಬರೆದಿಲ್ಲ. ತುರಿದ ಕಾಯಿ ತನ್ನ ನೀರು ಬಿಡುತ್ತದೆ. ಆ ನೀರು ಆರುವ ತನಕ ಸಣ್ಣ ಉರಿಯಲ್ಲಿ ಕೈಯಾಡಿಸಬೇಕು. ಒಂದು ಹನಿ ತಟ್ಟೆಗೆ ಹಾಕಿ, ಆರಿದ ಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಬಿಟ್ಟರೆ ಎಳೆ ಬರಬೇಕು. ಎಳೆ ತುಂಡಾದರೆ ಒಳಗೆ ನೀರು ಉಳಿದಿದೆ ಎಂದೇ ಅರ್ಥ, ಬೂಷ್ಟಿಗೆ ಅಷ್ಟು ಸಾಕು. ಬಿಸಿ ಇದ್ದಾಗಲೇ ಮುಚ್ಚಳ ಹಾಕಿದರೂ ಅದೇ ಗತಿ: ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ, ಮೇಲೇ ತೊಟ್ಟಿಕ್ಕುತ್ತದೆ. ಭರಣಿ ಬಿಸಿಲಲ್ಲಿ ಒಣಗಿರಬೇಕು, ಚಮಚವೂ ಒಣಗಿರಬೇಕು. ನಾನು ಚಿಕ್ಕವಳಿದ್ದಾಗ ಮಜ್ಜಿಗೆ ಚಮಚವನ್ನೇ ಉಪ್ಪಿನಕಾಯಿ ಭರಣಿಗೆ ಅದ್ದಿ, ಒಂದು ವರ್ಷ ಅಟ್ಟದ ಹತ್ತಿರ ಸುಳಿಯದ ಹಾಗೆ ಅವ್ವನಿಂದ ಶಿಕ್ಷೆ ತಿಂದವಳು. ಬೂಷ್ಟು ಬಂದಿದ್ದನ್ನು ಮೇಲೆ ಕೆರೆದು ತಿನ್ನಬೇಡಿ, ಪೂರ್ತಿ ಚೆಲ್ಲಿ.

ಆದರೆ ಇದೆಲ್ಲ ನಿಮಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕನೇ ಪುಟದಲ್ಲಿ ನೀವೇ ಬರೆದ ಮಾತು ಓದಿ: "ಕಾಯಿ ನಾನು ತುರೀತಿದ್ದೆ, ಪಾಕ ಅವಳು ನೋಡ್ತಿದ್ದಳು." 25 ವರ್ಷ ಆ ಎಳೆ ನೋಡಿದ ಬೆರಳು ಪಕ್ಕದ ಮನೆಯಲ್ಲಿವೆ. ತಕ್ಕಡಿಯಲ್ಲಿ ಅದಕ್ಕೆ ಎಷ್ಟು ಗ್ರಾಂ ಅಂತ ನಿಮ್ಮ ಮಗ ಹಾಕಿದ?

ಮರದಲ್ಲಿ ಇನ್ನೂ ಕಾಯಿ ಇವೆ ಎಂದಿದ್ದೀರಿ. ರೋಹಿಣಿ ಮಳೆ ಶುರುವಾಗಿದೆ, ಅದರ ಹಿಂದೆ ಮಿರಗ (ಮೃಗಶಿರಾ ಮಳೆ) ಹಿಡಿದರೆ ಕೆಲಸ ಕೆಟ್ಟಿತು. ವಾಟ್ಸ್ಯಾಪ್‌ನಲ್ಲಿ ಕೈ ಮುಗಿದ ಚಿತ್ರ ಕಳಿಸಬೇಡಿ, ಅದರಿಂದ ಯಾವ ಮುನಿಸೂ ಮುರಿದಿದ್ದು ನಾನು ಕಂಡಿಲ್ಲ. ಆಕೆಯನ್ನು ನಿಮ್ಮ ಮನೆಗೆ ಕರೆಯಲೂ ಬೇಡಿ. ನೀವು ಹೋಗಬೇಕು, ಅದೂ ಹಿತ್ತಲ ಬಾಗಿಲಿಂದ. ಉಡಿ ತುಂಬ ಕಾಯಿ, ಕೈಯಲ್ಲಿ ತುರಿಮಣೆ. ನೋಟಿನ ಸುದ್ದಿ ಎತ್ತಬೇಡಿ, ತಿರುಗಿ ಕೊಡಲೂ ಬೇಡಿ. ಹೋಗುವ ಮೊದಲು ಅದನ್ನೇ ಮುರಿಸಿ ಬೆಲ್ಲ ತಗೊಳ್ಳಿ. ಕಾಯಿ ಆಕೆಯ ಅಡುಗೆಮನೆಯಲ್ಲಿ ಸುರುವಿ, ಕೂತು ತುರಿಯಲು ಶುರು ಮಾಡಿ.

ಚಿಲ್ಲರೆ ಉಳಿದರೆ ಏಲಕ್ಕಿ ತನ್ನಿ.